ಕಣ ತುಳಿಯುವ ಎತ್ತು: ಕ್ರೈಸ್ತ ಧರ್ಮಬೋಧೆಯಲ್ಲಿ ಪ್ರಾಣಿದಯೆ



ಕ್ರೈಸ್ತ ಮತವು ಮನುಷ್ಯನನ್ನು ಸೃಷ್ಟಿಯ ಒಡೆಯನನ್ನಾಗಿ ಮಾಡಿ ಉಳಿದ ಜೀವರಾಶಿಯನ್ನೆಲ್ಲ ಅವನ ಭೋಗಕ್ಕೆ ಒಪ್ಪಿಸಿಬಿಟ್ಟಿತು ಎಂಬ ಆಕ್ಷೇಪವೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ ಎಂಬಾತನು ಈ ಆಕ್ಷೇಪಕ್ಕೆ ವಿದ್ವತ್ತಿನ ರೂಪವನ್ನು ಕೊಟ್ಟು, ಪ್ರಕೃತಿಯ ಮೇಲೆ ಪಾಶ್ಚಾತ್ಯರು ನಡೆಸಿದ ದಬ್ಬಾಳಿಕೆಯ ಬೇರನ್ನು ಅವರ ಧರ್ಮಗ್ರಂಥದ ಮೊದಲ ಪುಟಗಳಲ್ಲಿಯೇ ತೋರಿಸಲೆತ್ನಿಸಿದನು. ನಮ್ಮ ಸೀಮೆಯಲ್ಲಿ ಈ ಮಾತಿಗೆ ಇನ್ನಷ್ಟು ತೂಕವುಂಟು. ಏಕೆಂದರೆ ಈ ನಂದಿಕೂರಿನಿಂದ ಪೂರ್ವಕ್ಕೆ, ಕಾರ್ಕಳದ ಬಂಡೆಯ ಮೇಲೆ, 1432ರಲ್ಲಿ ಪ್ರತಿಷ್ಠಿತವಾದ ಗೊಮ್ಮಟಮೂರ್ತಿಯು ಅಹಿಂಸೆಯನ್ನೇ ಪರಮಧರ್ಮವೆಂದು ಸಾರುತ್ತ ನಿಂತಿದೆ. ಉತ್ತರಕ್ಕೆ, ಉಡುಪಿಯಲ್ಲಿ, ಯಜ್ಞದಲ್ಲಿ ಸಜೀವ ಪಶುವಿಗೆ ಬದಲಾಗಿ ಹಿಟ್ಟಿನಿಂದ ಮಾಡಿದ ಪಿಷ್ಟಪಶುವೇ ಸಾಕೆಂದು ವಿಧಿಸಿದ ಮಧ್ವಾಚಾರ್ಯರ ಪರಂಪರೆಯು ಇಂದಿಗೂ ಜೀವಂತವಾಗಿದೆ. ಇಂತಹ ನೆರೆಹೊರೆಯಲ್ಲಿ ಶತಮಾನಗಳಿಂದ ಬಾಳಿಬಂದಿರುವ ಕ್ರೈಸ್ತ ಸಮುದಾಯವು ತನ್ನ ಧರ್ಮವು ಮೂಕಜೀವಿಗಳ ವಿಷಯದಲ್ಲಿ ಏನನ್ನು ಹೇಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದುದು ನ್ಯಾಯವೇ ಆಗಿದೆ. ಆ ಉತ್ತರವನ್ನು ನೆರೆಯವರಿಗೆ ಕೊಡುವುದಕ್ಕೆ ಮೊದಲು ನಮಗೆ ನಾವೇ ಕೊಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ನಾನು ಇಂದು ಪ್ರತಿಪಾದಿಸಬೇಕೆಂದಿರುವ ವಿಚಾರ ಇಷ್ಟೇ: ಸತ್ಯವೇದದ ದೃಷ್ಟಿಯಲ್ಲಿ ಪ್ರಾಣಿಗಳ ಮೇಲಣ ದಯೆಯು ಉದಾರ ಮನಸ್ಸಿನವರು ಇಷ್ಟಬಂದರೆ ತೋರಬಹುದಾದ ಸೌಜನ್ಯವಲ್ಲ, ಅದು ನ್ಯಾಯದ ಭಾಗ. ಪ್ರಾಣಿಗೆ ಸಲ್ಲಬೇಕಾದುದು ಅದಕ್ಕೆ ಸಲ್ಲದಿದ್ದರೆ ಅಲ್ಲಿ ಋಣವೊಂದು ತೀರದೆ ಉಳಿಯುತ್ತದೆ, ಮತ್ತು ಆ ಋಣದ ಲೆಕ್ಕವನ್ನು ಕೇಳುವವನು ದೇವರು.

ಆದಿಕಾಂಡದಿಂದಲೇ ಆರಂಭಿಸೋಣ. ಮನುಷ್ಯನಿಗೆ ಸಮುದ್ರದ ಮೀನು, ಆಕಾಶದ ಪಕ್ಷಿ, ನೆಲದ ಮೇಲೆ ಚಲಿಸುವ ಜೀವಿ ಇವೆಲ್ಲದರ ಮೇಲೆ ದೊರೆತನವನ್ನು ಕೊಟ್ಟ ಮಾತು ಅಲ್ಲಿದೆ ಎಂಬುದು ನಿಜ. ಆದರೆ ಆಕ್ಷೇಪಕರು ಆ ಮಾತಿನ ಹಿಂದುಮುಂದನ್ನು ಓದುವುದಿಲ್ಲ. ಅದಕ್ಕಿಂತ ಹಿಂದೆಯೇ, ಮನುಷ್ಯನು ಇನ್ನೂ ಹುಟ್ಟದಿದ್ದಾಗಲೇ, ದೇವರು ಮೀನುಗಳನ್ನೂ ಪಕ್ಷಿಗಳನ್ನೂ ಆಶೀರ್ವದಿಸಿ ಅಭಿವೃದ್ಧಿಯಾಗುವಂತೆ ಹೇಳುತ್ತಾನೆ; ಹೀಗೆ ಸೃಷ್ಟಿಯಲ್ಲಿ ಮೊದಲ ಆಶೀರ್ವಾದ ಪಡೆದವರು ನಾವಲ್ಲ. ದೊರೆತನದ ಮಾತಾದ ಕೂಡಲೇ ಬರುವ ವಾಕ್ಯದಲ್ಲಿ ಮನುಷ್ಯನಿಗೂ ಮೃಗಪಕ್ಷಿಗಳಿಗೂ ಆಹಾರವಾಗಿ ಗೊತ್ತುಪಡಿಸಿರುವುದು ಬೀಜವುಳ್ಳ ಪೈರನ್ನು, ಹಣ್ಣನ್ನು, ಹಸುರು ಸೊಪ್ಪನ್ನು. ತನ್ನ ಆಳ್ವಿಕೆಗೆ ಒಳಪಟ್ಟವರನ್ನು ತಿನ್ನುವ ಹಕ್ಕೂ ಇಲ್ಲದ ಈ ದೊರೆತನ ಯಾವ ಬಗೆಯದು? ನಮ್ಮ ಕಡೆಯ ದೊಡ್ಡ ಮನೆತನಗಳಲ್ಲಿಯೂ ದೇವಸ್ಥಾನಗಳಲ್ಲಿಯೂ ಪಾರುಪತ್ಯವನ್ನು ವಹಿಸಿಕೊಂಡವನು ಎಲ್ಲ ಆಸ್ತಿಯ ಮೇಲೆ ಅಧಿಕಾರ ನಡೆಸುತ್ತಿದ್ದರೂ ಒಂದು ತೆಂಗಿನಕಾಯಿಯ ಲೆಕ್ಕವನ್ನೂ ಒಡೆಯನ ಮುಂದೆ ಇಡಬೇಕಾಗಿದ್ದಂತೆ, ಆದಿಕಾಂಡದ ಮನುಷ್ಯನೂ ಪಾರುಪತ್ಯಗಾರನೇ ಹೊರತು ಸ್ವತ್ತಿನ ಧಣಿಯಲ್ಲ.

ಮಾಂಸಾಹಾರಕ್ಕೆ ಅನುಮತಿ ದೊರೆತದ್ದು ಜಲಪ್ರಳಯದ ಅನಂತರ, ಮನುಷ್ಯನ ಹೃದಯವು ಬಾಲ್ಯದಿಂದಲೇ ಕೆಟ್ಟದ್ದೆಂದು ದೇವರು ಗುರುತಿಸಿದ ಮೇಲೆ. ಆ ಅನುಮತಿಗೂ ರಕ್ತವನ್ನು ಭುಜಿಸಬಾರದೆಂಬ ಕಟ್ಟು ಉಂಟು. ಎಂದರೆ, ಪ್ರಾಣವನ್ನು ತೆಗೆಯುವವನು ಆ ಪ್ರಾಣವು ತನ್ನದಲ್ಲವೆಂಬುದನ್ನು ಪ್ರತಿಸಲವೂ ಒಪ್ಪಿಕೊಳ್ಳಬೇಕು. ಅದೇ ಅಧ್ಯಾಯದಲ್ಲಿ ದೇವರು ನೋಹನೊಡನೆ ಒಡಂಬಡಿಕೆಯನ್ನು ಮಾಡಿಕೊಳ್ಳುತ್ತಾನೆ. ಈ ಕರಾರಿನ ಪಕ್ಷಗಾರರು ಯಾರು ಯಾರು ಎಂಬುದನ್ನು ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ: ನೋಹ, ಅವನ ಸಂತತಿ, ಮತ್ತು ನಾವೆಯಿಂದ ಹೊರಬಂದ ಪಕ್ಷಿಗಳು, ಪಶುಗಳು, ಕಾಡುಮೃಗಗಳು. ಮಳೆಬಿಲ್ಲು ಮನುಷ್ಯನೊಬ್ಬನ ಪರವಾಗಿ ಮಾತ್ರ ಇಟ್ಟ ಗುರುತಲ್ಲ. ಪ್ರಾಣಿಗಳನ್ನು ಒಡಂಬಡಿಕೆಯ ಪಾಲುದಾರರೆಂದು ಹೆಸರಿಸುವ ಗ್ರಂಥದ ಮೇಲೆ ಪ್ರಾಣಿಗಳ ಕಡೆಗಣನೆಯ ಆರೋಪವನ್ನು ಹೊರಿಸುವುದು ಹೇಗೆ?

ಇನ್ನು ಮೋಶೆಯ ಧರ್ಮಶಾಸ್ತ್ರಕ್ಕೆ ಬರೋಣ. ನಮ್ಮ ವಿಷಯಕ್ಕೆ ಇದಕ್ಕಿಂತ ಸಮೃದ್ಧವಾದ ಭಾಗ ಬೇರೊಂದಿಲ್ಲ. ಆದರೂ ನಮ್ಮ ದೇವಾಲಯಗಳಲ್ಲಿ ಇದನ್ನು ಕುರಿತು ಪ್ರಸಂಗವಾಗುವುದು ತೀರ ಅಪರೂಪ. ಸಬ್ಬತ್ ದಿನದ ಕಟ್ಟಳೆಯನ್ನೇ ತೆಗೆದುಕೊಳ್ಳಿ. ದಶಾಜ್ಞೆಗಳಲ್ಲಿ ಒಂದಾದ ಈ ಆಜ್ಞೆಯನ್ನು ನಾವು ಭಾನುವಾರದ ಆರಾಧನೆಯ ಆಜ್ಞೆಯೆಂದು ಮಕ್ಕಳಿಗೆ ಕಲಿಸುತ್ತೇವೆ. ಮೂಲದಲ್ಲಿ ವಿಶ್ರಾಂತಿಗೆ ಅರ್ಹರಾದವರ ಪಟ್ಟಿಯೊಂದಿದೆ: ಮಗ, ಮಗಳು, ಆಳು, ದಾಸಿ, ಊರಲ್ಲಿರುವ ಪರದೇಶಿ, ಮತ್ತು ಪಶು. ವಿಮೋಚನಕಾಂಡದ ಮತ್ತೊಂದು ಕಡೆಯಲ್ಲಂತೂ ಏಳನೆಯ ದಿನದ ವಿಶ್ರಾಂತಿಗೆ ಕಾರಣವನ್ನು ಹೇಳುವಾಗ ಎತ್ತಿಗೂ ಕತ್ತೆಗೂ ದಣಿವಾರಬೇಕೆಂಬುದನ್ನೇ ಮೊದಲು ಹೇಳಿ, ದಾಸಿಯ ಮಗನ ಮತ್ತು ಪರದೇಶಿಯ ಮಾತನ್ನು ಆಮೇಲೆ ಹೇಳಿದೆ. ಆಳಿಗೆ ಸಂಬಳದ ರಜೆ ಎಂಬ ಕಲ್ಪನೆಯೇ ಲೋಕದಲ್ಲಿ ಇಲ್ಲದ ಕಾಲದಲ್ಲಿ ನೊಗ ಹೊತ್ತ ಎತ್ತಿಗೆ ವಾರಕ್ಕೊಂದು ದಿನದ ಬಿಡುವನ್ನು ದೇವರ ಹೆಸರಿನಲ್ಲಿ ಶಾಸನಮಾಡಿದ ಈ ಧರ್ಮವನ್ನು ನಾವು ಅದರ ಪೂರ್ಣಾರ್ಥದಲ್ಲಿ ಗ್ರಹಿಸಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ.

ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಬಾರದೆಂಬ ಕಟ್ಟಳೆ ಧರ್ಮೋಪದೇಶಕಾಂಡದ್ದು. ತುಳುನಾಡಿನಲ್ಲಿ ಭತ್ತದ ಕಟ್ಟನ್ನು ಪಡಿಮಂಚಕ್ಕೆ ಬಡಿದು ಕಾಳು ಬೇರ್ಪಡಿಸುವುದು ರೂಢಿಯಾದ್ದರಿಂದ ಈ ಚಿತ್ರ ನಮಗೆ ಅಷ್ಟು ಪರಿಚಿತವಲ್ಲ. ಘಟ್ಟದ ಮೇಲಣ ರೈತನಿಗೆ ಇದು ತಟ್ಟನೆ ಕಣ್ಣಿಗೆ ಕಟ್ಟುತ್ತದೆ. ಹಸಿದ ಪಶು ದಿನವಿಡೀ ಕಾಳಿನ ಮೇಲೆಯೇ ಸುತ್ತುತ್ತಿರುತ್ತದೆ. ಅದು ಒಂದು ಬಾಯಿ ತಿಂದರೆ ಧಣಿಗೆ ಅಷ್ಟು ನಷ್ಟ. ಆ ನಷ್ಟವನ್ನು ಸಹಿಸಿಕೊಳ್ಳಬೇಕೆಂದು ಶಾಸ್ತ್ರ ಹೇಳುತ್ತದೆ. ಏಕೆಂದರೆ ದುಡಿದವನಿಗೆ ದುಡಿಮೆಯ ಫಲದಲ್ಲಿ ಪಾಲುಂಟು, ದುಡಿದದ್ದು ಎತ್ತಾದರೂ ಸರಿಯೇ. ಎತ್ತನ್ನೂ ಕತ್ತೆಯನ್ನೂ ಒಂದೇ ನೊಗಕ್ಕೆ ಕಟ್ಟಬಾರದೆಂಬ ನಿಷೇಧಕ್ಕೆ ವ್ಯಾಖ್ಯಾನಕಾರರು ಹಲವು ಕಾರಣಗಳನ್ನು ಊಹಿಸಿರುವರಾದರೂ, ಬಲದಲ್ಲಿಯೂ ನಡೆಯಲ್ಲಿಯೂ ಸಮವಲ್ಲದ ಎರಡನ್ನು ಜೋಡಿಸಿದರೆ ನೋವು ದುರ್ಬಲವಾದುದರ ಪಾಲಿಗೇ ಬರುವುದೆಂಬುದನ್ನು ಉತ್ತವನು ತಾನಾಗಿ ಅರಿಯುತ್ತಾನೆ. ಗೂಡಿನಲ್ಲಿ ಮರಿಗಳ ಮೇಲೆಯೋ ಮೊಟ್ಟೆಗಳ ಮೇಲೆಯೋ ಕುಳಿತ ತಾಯಿಹಕ್ಕಿಯನ್ನು ಹಿಡಿಯಕೂಡದೆಂದೂ, ಹುಟ್ಟಿದ ಕರುವನ್ನು ಏಳು ದಿನ ತಾಯಿಯ ಬಳಿಯಲ್ಲಿಯೇ ಬಿಡಬೇಕೆಂದೂ, ತಾಯಿಯನ್ನೂ ಮರಿಯನ್ನೂ ಒಂದೇ ದಿನ ಕೊಲ್ಲಕೂಡದೆಂದೂ ವಿಧಿಸಿದ ಶಾಸ್ತ್ರಕಾರನು ಪ್ರಾಣಿಗೆ ದೇಹದ ನೋವು ಮಾತ್ರವಲ್ಲದೆ ತಾಯ್ತನದ ಸಂಕಟವೂ ಉಂಟೆಂಬುದನ್ನು ಒಪ್ಪಿಕೊಂಡವನು.

ಈ ಕಟ್ಟಳೆಗಳಲ್ಲೆಲ್ಲ ನನ್ನನ್ನು ಅತ್ಯಂತ ಆಕರ್ಷಿಸಿದುದು ಹಗೆಯವನ ಕತ್ತೆಯನ್ನು ಕುರಿತದ್ದು. ನಿನ್ನನ್ನು ದ್ವೇಷಿಸುವವನ ಕತ್ತೆಯು ಹೊರೆಯ ಕೆಳಗೆ ಕುಸಿದು ಬಿದ್ದಿರುವುದನ್ನು ಕಂಡರೆ, ನೋಡಿಯೂ ನೋಡದಂತೆ ಹೋಗಬೇಡ, ಅವನ ಜೊತೆಗೂಡಿ ಅದನ್ನು ಎಬ್ಬಿಸು ಎಂಬುದು ಅದರ ತಾತ್ಪರ್ಯ. ಬೇಲಿಯ ತಕರಾರು, ನೀರಿನ ಪಾಲಿನ ಜಗಳ, ತಲೆಮಾರುಗಟ್ಟಲೆ ಎಳೆಯುವ ವ್ಯಾಜ್ಯ ಇವುಗಳ ಪರಿಚಯವಿರುವ ನಮಗೆ ಈ ಕಟ್ಟಳೆಯ ಕಠಿನತೆ ಸುಲಭವಾಗಿ ಅರ್ಥವಾಗಬೇಕು. ಧಣಿಯ ಮೇಲಣ ಕೋಪಕ್ಕೆ ಪಶುವು ಹೊಣೆಯಲ್ಲ. ಅದರ ಸಂಕಟವು ಯಾರ ಕೊಟ್ಟಿಗೆಗೆ ಸೇರಿದ್ದೆಂಬ ಪ್ರಶ್ನೆಯೇ ಅಲ್ಲಿ ಏಳಕೂಡದು. ಇನ್ನೂ ಒಂದು ಮಾತುಂಟು. ಬಿದ್ದ ಹೊರೆಯನ್ನು ಎತ್ತಲು ಇಬ್ಬರೂ ಒಂದೇ ಕಡೆ ಬಗ್ಗಬೇಕಾಗುತ್ತದೆ. ಮಾತು ಬಿಟ್ಟ ಇಬ್ಬರು ಆಚೆಯಿಂದೊಬ್ಬ ಈಚೆಯಿಂದೊಬ್ಬ ಹಗ್ಗ ಹಿಡಿಯಬೇಕಾಗುತ್ತದೆ. ಶತ್ರುವನ್ನು ಪ್ರೀತಿಸಿರೆಂದು ಮುಂದೆ ಸುವಾರ್ತೆಯಲ್ಲಿ ಕೇಳಿಬರುವ ಮಹಾವಾಕ್ಯಕ್ಕೆ ದಾರಿಯು ಹೀಗೆ ಒಂದು ಕತ್ತೆಯ ಬೆನ್ನಿನ ಮೂಲಕವೇ ಹಾದುಬಂದಿದೆಯೆಂದು ಹೇಳಿದರೆ ತಪ್ಪಾಗಲಾರದು.

ಜ್ಞಾನೋಕ್ತಿಗಳ ಗ್ರಂಥಕಾರನು ತನ್ನ ಪಶುವಿನ ಪ್ರಾಣವನ್ನು ಲಕ್ಷಿಸುವುದನ್ನು ನೀತಿವಂತನ ಲಕ್ಷಣಗಳಲ್ಲಿ ಸೇರಿಸಿದ್ದಾನೆ. ಭಕ್ತನ ಲಕ್ಷಣವೆಂದಲ್ಲ, ನೀತಿವಂತನ ಲಕ್ಷಣವೆಂದು. ಯೋನನ ಪುಸ್ತಕವಾದರೋ ಇನ್ನೂ ವಿಚಿತ್ರವಾಗಿ ಮುಗಿಯುತ್ತದೆ. ನಿನೆವೆ ಪಟ್ಟಣವು ನಾಶವಾಗಲಿಲ್ಲವೆಂದು ಮುನಿದು ಕುಳಿತ ಪ್ರವಾದಿಗೆ ದೇವರು, ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನರಿರುವ ಊರಿನ ಮೇಲೆ ತಾನು ಕನಿಕರಪಡಬಾರದೇ ಎಂದು ಕೇಳುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ, ಅಲ್ಲಿ ಬಹಳ ಪಶುಗಳೂ ಇವೆಯಲ್ಲ ಎಂದು ಸೇರಿಸುತ್ತಾನೆ. ಪುಸ್ತಕದ ಕಟ್ಟಕಡೆಯ ಮಾತು ಅದು.

ಕ್ರಿಸ್ತನ ಜೀವನ ಮತ್ತು ಬೋಧೆಗಳಲ್ಲಿ ಪ್ರಾಣಿದಯೆಯನ್ನು ಕುರಿತು ಪ್ರತ್ಯೇಕ ಉಪದೇಶವಿಲ್ಲ ಎಂದು ಹೇಳುವುದುಂಟು. ಅದಕ್ಕೆ ಕಾರಣ, ಆತನು ಅದನ್ನು ವಿವಾದಕ್ಕೆ ಅವಕಾಶವಿಲ್ಲದ ವಿಷಯವೆಂದು ಭಾವಿಸಿದ್ದೇ. ಸಬ್ಬತ್ ದಿನದಲ್ಲಿ ರೋಗಿಯನ್ನು ಗುಣಪಡಿಸಿದ್ದಕ್ಕೆ ತಕರಾರೆತ್ತಿದವರಿಗೆ ಆತನು ಕೊಟ್ಟ ಉತ್ತರವೇನು? ನಿಮ್ಮಲ್ಲಿ ಯಾವನ ಕುರಿಯಾದರೂ ಗುಂಡಿಗೆ ಬಿದ್ದರೆ, ಯಾವನ ಎತ್ತಾದರೂ ಬಾವಿಗೆ ಬಿದ್ದರೆ, ಆ ದಿನವೇ ಎತ್ತುವುದಿಲ್ಲವೇ, ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ ಎಂದು. ಪ್ರಾಣಿಯ ಮೇಲಣ ಕರುಣೆಯನ್ನು ಎಲ್ಲರೂ ಒಪ್ಪಿದ ಸತ್ಯವಾಗಿ ಮುಂದಿಟ್ಟು, ಮನುಷ್ಯನ ಮೇಲಣ ಕರುಣೆಯನ್ನು ಅದರಿಂದ ಸಾಧಿಸುತ್ತಾನೆ. ಗುಬ್ಬಿಗಳ ಮಾತೂ ಇಂಥದ್ದೇ. ಒಂದು ಕಾಸಿಗೆ ಎರಡು ಗುಬ್ಬಿಗಳೆಂದು ಮತ್ತಾಯನಲ್ಲಿದೆ. ಎರಡು ಕಾಸಿಗೆ ಐದೆಂದು ಲೂಕನಲ್ಲಿದೆ. ಲೆಕ್ಕಕ್ಕೆ ಸಿಗದೆ ಕೊಸರಾಗಿ ಬಂದ ಆ ಐದನೆಯ ಗುಬ್ಬಿಯೂ ದೇವರಿಗೆ ಮರೆತುಹೋಗಿಲ್ಲವೆಂಬುದು ಲೂಕನ ಸಾಕ್ಷ್ಯ. ದೇವಾಲಯದ ಅಂಗಳದಲ್ಲಿ ಬಲಿಗಾಗಿ ಎತ್ತು ಕುರಿ ಪಾರಿವಾಳಗಳನ್ನು ಮಾರುತ್ತಿದ್ದವರನ್ನು ಹೊರಗಟ್ಟಿದ ಪ್ರಸಂಗವೂ, ತನಗೆ ಬೇಕಾದದ್ದು ಯಜ್ಞವಲ್ಲ, ಕರುಣೆ ಎಂಬ ಪ್ರವಾದಿ ಹೋಶೇಯನ ಮಾತಿನ ತಾತ್ಪರ್ಯವನ್ನು ಆತನು ಮತ್ತೆ ಮತ್ತೆ ನೆನೆದುದೂ ಪರಸ್ಪರ ಸಂಬಂಧವುಳ್ಳವು. ಕ್ರಿಸ್ತನ ಆತ್ಮಬಲಿಯ ಅನಂತರ ಕ್ರೈಸ್ತರ ಬಲಿಪೀಠದ ಮೇಲೆ ಯಾವ ಪ್ರಾಣಿಯ ರಕ್ತವೂ ಬೀಳಲಿಲ್ಲ. ಈ ಒಂದು ವಿಷಯದಲ್ಲಿ ನಾವು ಪಿಷ್ಟಪಶುವನ್ನು ವಿಧಿಸಿದ ಉಡುಪಿಯ ಆಚಾರ್ಯರಿಗೆ ದೂರದವರಲ್ಲ.

ಇಷ್ಟನ್ನು ಹೇಳಿ ತೊಡಕಿನ ಸ್ಥಳಗಳನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. ದೆವ್ವಹಿಡಿದವನನ್ನು ಬಿಡಿಸಿದಾಗ ಸುಮಾರು 2,000 ಹಂದಿಗಳು ಸರೋವರಕ್ಕೆ ನುಗ್ಗಿ ಸತ್ತ ವೃತ್ತಾಂತವು ಮಾರ್ಕನಲ್ಲಿದೆ. ಕಣ ತುಳಿಯುವ ಎತ್ತಿನ ಕಟ್ಟಳೆಯನ್ನು ಎತ್ತಿಕೊಂಡು ಸಂತ ಪೌಲನು, ದೇವರು ಇಲ್ಲಿ ಎತ್ತುಗಳಿಗೋಸ್ಕರ ಚಿಂತಿಸುತ್ತಾನೋ ಎಂದು ಕೊರಿಂಥದವರನ್ನು ಕೇಳಿದ್ದಾನೆ. ಸಂತ ಅಗಸ್ಟಿನನು ಮೊದಲನೆಯದನ್ನು ಆಧಾರಮಾಡಿಕೊಂಡು ಪ್ರಾಣಿಗಳೊಡನೆ ನಮಗೆ ನ್ಯಾಯಸಂಬಂಧವಿಲ್ಲವೆಂದು ವಾದಿಸಿದನು. 13ನೆಯ ಶತಮಾನದ ಮಹಾಪಂಡಿತ ತೋಮಸ್ ಅಕ್ವಿನಾಸನು ಪ್ರಾಣಿಹಿಂಸೆಯು ಮುಂದೆ ಮನುಷ್ಯಹಿಂಸೆಗೆ ಅಭ್ಯಾಸಮಾಡಿಸುವುದರಿಂದ ಅದು ವರ್ಜ್ಯವೆಂದನು. ಈ ಮಹನೀಯರ ಮೇಲೆ ಎಷ್ಟೇ ಗೌರವವಿದ್ದರೂ ಅವರ ಈ ತೀರ್ಮಾನವನ್ನು ನಾನು ಒಪ್ಪಲಾರೆ. ಹಂದಿಗಳ ವೃತ್ತಾಂತದ ಲಕ್ಷ್ಯ ಬಿಡುಗಡೆಹೊಂದಿದ ಮನುಷ್ಯನೇ ಹೊರತು ಹಂದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂಬ ವಿಧಿಯಲ್ಲ. ಪೌಲನು ಎತ್ತಿನ ಪಾಲನ್ನು ನಿರಾಕರಿಸಲಿಲ್ಲ. ಎತ್ತಿಗೇ ಪಾಲಿರುವಾಗ ಸುವಾರ್ತೆಗಾಗಿ ದುಡಿದವನಿಗೆ ಇಲ್ಲವೇ ಎಂಬ ಅವನ ವಾದಕ್ಕೆ ಆ ಪಾಲೇ ಅಡಿಗಲ್ಲು. ಅಕ್ವಿನಾಸನಿಗೆ ಉತ್ತರವಂತೂ ವಿಮೋಚನಕಾಂಡದಲ್ಲಿಯೇ ಇದೆ: ಎತ್ತಿಗೆ ದಣಿವಾರಬೇಕೆಂದು ಅಲ್ಲಿ ಹೇಳಿರುವುದು ಎತ್ತಿನ ಸಲುವಾಗಿ, ಧಣಿಯ ಶೀಲಸಂವರ್ಧನೆಯ ಸಲುವಾಗಿ ಅಲ್ಲ.

ಪಂಡಿತರ ಈ ಸಂಕೋಚವನ್ನು ಸಂತರು ಮೀರಿದರು. 7ನೆಯ ಶತಮಾನದಲ್ಲಿ ಪೂರ್ವದೇಶದ ತಪಸ್ವಿ ಸಿರಿಯದ ಇಸಾಕನು ದಯಾರ್ದ್ರ ಹೃದಯವೆಂದರೆ ಮನುಷ್ಯ, ಪಕ್ಷಿ, ಮೃಗಗಳೆನ್ನದೆ ಸಕಲ ಸೃಷ್ಟಿಗಾಗಿ ಬೇಯುವ ಹೃದಯವೆಂದು ವಿವರಿಸಿದನು. ಅಸ್ಸಿಸಿಯ ಸಂತ ಫ್ರಾನ್ಸಿಸನ ಹೆಸರು ಎಲ್ಲರಿಗೂ ಗೊತ್ತು. 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಕ್ರಿಸ್ತಜಯಂತಿಯ ರಾತ್ರಿ ಹುಲ್ಲು, ಎತ್ತು, ಕತ್ತೆಗಳನ್ನಿರಿಸಿ ಅವನು ಏರ್ಪಡಿಸಿದ ದೃಶ್ಯದಿಂದಲೇ ನಮ್ಮ ಮನೆಮನೆಯಲ್ಲಿ ಡಿಸೆಂಬರ್ ತಿಂಗಳಲ್ಲಿ ಕಟ್ಟುವ ಗೋದಲಿಯ ಪದ್ಧತಿ ಹಬ್ಬಿತು. 1979ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಅವನನ್ನು ಪರಿಸರಪ್ರೇಮಿಗಳ ಪಾಲಕಸಂತನೆಂದು ಸಾರಿದರು. ಸಂತರ ಮಾತು ಹಾಗಿರಲಿ, ಅಧಿಕಾರಪೀಠದಿಂದಲೂ ಕಟ್ಟಾಜ್ಞೆ ಹೊರಟ ಉದಾಹರಣೆಯುಂಟು: 1567ರಲ್ಲಿ ಐದನೆಯ ಪೀಯುಸ್ ಪೋಪರು ಗೂಳಿಕಾಳಗವನ್ನು ಬಹಿಷ್ಕಾರದ ಬೆದರಿಕೆಯೊಡನೆ ನಿಷೇಧಿಸಿದರು. ಮುಂದಿನವರು ಅರಸರ ಒತ್ತಾಯಕ್ಕೆ ಮಣಿದು ಅದನ್ನು ಸಡಿಲಿಸಿದುದು ಖೇದಕರ.

ಪ್ರಾಣಿದಯೆಯು ವ್ಯಕ್ತಿಗಳ ಗುಣವಾಗಿದ್ದುದು ಸಂಸ್ಥೆಯಾಗಿ, ಕಾಯಿದೆಯಾಗಿ ರೂಪುಗೊಂಡದ್ದು ಇಂಗ್ಲೆಂಡಿನಲ್ಲಿ. ಹಂಫ್ರಿ ಪ್ರಿಮಟ್ ಎಂಬ ಪಾದ್ರಿಯು 1776ರಲ್ಲಿ ಪ್ರಾಣಿಗಳ ಮೇಲಣ ಕ್ರೌರ್ಯವು ಪಾಪವೆಂದು ಸತ್ಯವೇದದಿಂದಲೇ ಸಾಧಿಸುವ ಗ್ರಂಥವೊಂದನ್ನು ಬರೆದನು. ನೋವು ಯಾರಿಗಾದರೂ ನೋವೇ ಎಂಬುದು ಅವನ ವಾದದ ಸಾರ. ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿಯು 1781ರಲ್ಲಿ ಪ್ರಕಟವಾದ ಪ್ರಸಂಗವೊಂದರಲ್ಲಿ ಪ್ರಾಣಿಗಳಿಗೂ ಅಂತಿಮ ವಿಮೋಚನೆಯುಂಟೆಂದು ಬೋಧಿಸಿದನು. ಪ್ರಿಮಟ್‌ನ ಗ್ರಂಥದಿಂದ ಪ್ರೇರಿತನಾದ ಆರ್ಥರ್ ಬ್ರೂಮ್ ಎಂಬ ಲಂಡನ್ನಿನ ಪಾದ್ರಿಯು 1824ರಲ್ಲಿ ಪ್ರಾಣಿಹಿಂಸಾ ನಿವಾರಣೆಯ ಸಂಘವನ್ನು ಕಟ್ಟಿದನು. ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಹೋರಾಡಿದ ವಿಲ್ಬರ್‌ಫೋರ್ಸನೂ ಅದರ ಸ್ಥಾಪಕರಲ್ಲಿ ಒಬ್ಬ. ಸಂಘದ ಸಾಲಕ್ಕೆ ಹೊಣೆಯಾಗಿ ಬ್ರೂಮನು ಸೆರೆಮನೆಯನ್ನೂ ಕಂಡನು.

ಇದೇ ಸಮಯದಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ನಡೆದ ಸಂಗತಿಯು ನಮ್ಮ ಕರಾವಳಿಗೆ ಇನ್ನೂ ಹತ್ತಿರದ್ದು. ಅಲ್ಲಿಯ ಭಕ್ತಿಪಂಥದ ಪಾದ್ರಿ ಕ್ರಿಸ್ಟಿಯನ್ ಆಡಂ ಡಾನ್ 1822ರಲ್ಲಿ, ಬಡಪ್ರಾಣಿಗಳೇ ತಮ್ಮ ಒಡೆಯರಾದ ಮನುಷ್ಯರಿಗೆ ಮಾಡಿಕೊಳ್ಳುವ ಬಿನ್ನಹದ ರೂಪದಲ್ಲಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದನು. ಅವನು ತೀರಿಕೊಂಡ 1837ರಲ್ಲಿಯೇ ಅವನ ಸ್ನೇಹಿತನೂ ಕೀರ್ತನಕಾರನೂ ಆದ ಪಾದ್ರಿ ಆಲ್ಬರ್ಟ್ ಕ್ನಾಪ್ ಸ್ಟುಟ್‌ಗಾರ್ಟಿನಲ್ಲಿ ಜರ್ಮನಿಯ ಮೊದಲ ಪ್ರಾಣಿರಕ್ಷಣಾ ಸಂಘವನ್ನು ಸ್ಥಾಪಿಸಿದನು. ಬಾಸೆಲ್ ಮಿಶನ್ನಿನ ಬಹುಮಂದಿ ಸೇವಕರು ಬಂದದ್ದು ಈ ವ್ಯುರ್ಟೆಂಬರ್ಗಿನ ಭಕ್ತಿಪಂಥದ ಮನೆಗಳಿಂದಲೇ. 1834ರಲ್ಲಿ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್, ಮುಂದೆ ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮಹನೀಯ, ಆ ಸೀಮೆಯ ಬ್ರಾಕನ್‌ಹೈಮಿನವನು. 1847ರಲ್ಲಿ ಹೊಸ ಒಡಂಬಡಿಕೆಯನ್ನು ತುಳುವಿನಲ್ಲಿ ಅಚ್ಚುಮಾಡಿ ಇಲ್ಲಿಯ ಒಕ್ಕಲ ಕೈಗಿತ್ತವರೂ ಈ ಮಿಶನ್ನಿನವರೇ. ಎಂದ ಮೇಲೆ ನಮ್ಮ ಪ್ರಾಟೆಸ್ಟಂಟ್ ಸಭೆಗಳಿಗೆ ವಿಶ್ವಾಸವನ್ನು ತಂದ ಭಕ್ತಿಯೂ ಮೂಕಪ್ರಾಣಿಗಳ ಬಿನ್ನಹವನ್ನು ಬರೆಯಿಸಿದ ಭಕ್ತಿಯೂ ಒಂದೇ ನೆಲದಲ್ಲಿ ಬೆಳೆದವು. ಮೊದಲನೆಯದನ್ನು ನಾವು ಉಳಿಸಿಕೊಂಡೆವು. ಎರಡನೆಯದನ್ನು ಕೇಳಿ ತರಿಸಿಕೊಳ್ಳಲಿಲ್ಲ.

ಕಥೋಲಿಕ ಧರ್ಮಸಭೆಯ ನಿಲುವು 1992ರ ಧರ್ಮೋಪದೇಶ ಗ್ರಂಥದಲ್ಲಿ ಸ್ಪಷ್ಟವಾಗಿ ನಿರೂಪಿತವಾಗಿದೆ. ಪ್ರಾಣಿಗಳು ದೇವರ ಸೃಷ್ಟಿ. ತಮ್ಮ ಇರುವಿಕೆಯಿಂದಲೇ ಅವು ಆತನನ್ನು ಸ್ತುತಿಸುತ್ತವೆ. ಮನುಷ್ಯನು ಅವುಗಳಿಗೆ ದಯೆಯನ್ನು ಸಲ್ಲಿಸಲು ಬಾಧ್ಯನು. ಆಹಾರಕ್ಕೂ ವಸ್ತ್ರಕ್ಕೂ ದುಡಿಮೆಗೂ ಅವುಗಳನ್ನು ಬಳಸಬಹುದು. ಅನಾವಶ್ಯಕವಾಗಿ ನೋಯಿಸುವುದೂ ಕೊಲ್ಲುವುದೂ ಮನುಷ್ಯನ ಘನತೆಗೆ ವಿರುದ್ಧ. 2015ರಲ್ಲಿ ಫ್ರಾನ್ಸಿಸ್ ಪೋಪರು ‘ಲಾವ್ದಾತೊ ಸಿ’ ಎಂಬ ವಿಶ್ವಪತ್ರದಲ್ಲಿ ಇದನ್ನೇ ಪುನರುಚ್ಚರಿಸಿ, ಪ್ರತಿಯೊಂದು ಜೀವಿಗೂ ದೇವರ ಮುಂದೆ ತನ್ನದೇ ಆದ ಬೆಲೆಯುಂಟೆಂದು ಹೇಳಿದರು. ಇಲ್ಲಿ ಮಾಂಸಾಹಾರದ ನಿಷೇಧವಿಲ್ಲ. ಜೈನ ಸಹೋದರರ ಅಹಿಂಸಾವ್ರತಕ್ಕೂ ನಮ್ಮ ಬೋಧೆಗೂ ಈ ಅಂತರ ಇದ್ದೇ ಇದೆ, ಮತ್ತು ಅದನ್ನು ಮುಚ್ಚಿಡುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಆದರೆ ಈ ನಿಯಮವನ್ನು ಹಗುರವೆಂದು ಎಣಿಸುವವರು ಅದನ್ನು ಆಚರಿಸಿ ನೋಡಲಿ. ತಿನ್ನುವವನು ಪ್ರತಿಯೊಂದು ನೋವಿನ ಎದುರಿಗೂ ನಿಂತು, ಇದು ಅವಶ್ಯವಾಗಿತ್ತೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಏನನ್ನೂ ಕೇಳಿಕೊಳ್ಳದೆ ತಿನ್ನುವುದಕ್ಕೆ ಈ ಧರ್ಮದಲ್ಲಿ ಎಡೆಯಿಲ್ಲ.

ಇನ್ನು ನಮ್ಮ ಊರಿನ ಕಡೆಗೆ ತಿರುಗುತ್ತೇನೆ. ನಂದಿಕೂರಿನ ಹೊಲಗದ್ದೆಗಳ ಪಕ್ಕದಲ್ಲಿ ಕೊಂಕಣ ರೈಲಿನ ಹಳಿ ಬಂತು, ಆಮೇಲೆ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರ ಬಂತು. ಉಳಿದ ಗದ್ದೆಗಳಿಗೆ ಟಿಲ್ಲರ್ ಬಂತು. ಒಂದೆರಡು ತಲೆಮಾರಿನ ಹಿಂದೆ ಪ್ರತಿಯೊಂದು ಒಕ್ಕಲಿನ ಹಟ್ಟಿಯಲ್ಲಿಯೂ ಇದ್ದ ಉಳುವ ಜೋಡಿ ಇಂದು ಕಾಣಸಿಗುವುದೇ ಕಷ್ಟ. ಜೊತೆಯಲ್ಲಿ ದುಡಿದ ಪಶುವಿನ ನೋವು ಮನೆಯವರ ಕಣ್ಣೆದುರಿಗೇ ಇರುತ್ತಿತ್ತು, ಹೊಡೆದ ಕೈಯೂ ಮೇವು ಹಾಕಿದ ಕೈಯೂ ಒಂದೇ ಆಗಿತ್ತು. ಈಗ ಉಳುವ ಕೆಲಸವಿಲ್ಲದ ಗಂಡುಕರುವಿಗೆ ಹಟ್ಟಿಯಲ್ಲಿ ಸ್ಥಳವಿಲ್ಲ. ಆರು ವಾರಗಳಲ್ಲಿ ತೂಕಕ್ಕೆ ಬರುವಂತೆ ತಳಿಮಾಡಿದ ಬ್ರಾಯ್ಲರ್ ಕೋಳಿ ತನ್ನ ಕಾಲಿನ ಮೇಲೆ ತಾನೇ ನಿಲ್ಲಲಾರದೆ ಬೆಳೆದು, ನಾವು ಎಂದೂ ಕಾಲಿಡದ ಶೆಡ್ಡುಗಳಿಂದ ನಮ್ಮ ಅಡಿಗೆಮನೆಗೆ ಬರುತ್ತದೆ. ಕ್ರೌರ್ಯವು ಕಡಿಮೆಯಾಗಲಿಲ್ಲ, ಕಣ್ಣಿಗೆ ದೂರವಾಯಿತು. ನೋಡಿಯೂ ನೋಡದಂತೆ ಹೋಗಬೇಡವೆಂಬ ಕಟ್ಟಳೆಯನ್ನು ಮೀರುವುದು ಈಗ ಬಹು ಸುಲಭವಾಗಿದೆ.

ಕೋಣಗಳ ಓಟವಾದ ಕಂಬಳದ ವಿಷಯವನ್ನು ಈ ಊರಿನಲ್ಲಿ ನಿಂತು ಮಾತನಾಡುವವನು ಬಿಟ್ಟು ಹೋಗುವಂತಿಲ್ಲ. ಅಡ್ವೆ ನಂದಿಕೂರಿನ ಜೋಡುಕರೆ ಕಂಬಳ ಪ್ರಸಿದ್ಧವಾದುದು. ಕೋಣಗಳನ್ನು ಕಟ್ಟುವ ಮನೆತನಗಳಲ್ಲಿ ಕ್ರೈಸ್ತರೂ ಉಂಟು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ಪರಿಣಾಮವಾಗಿ ಕಂಬಳಕ್ಕೂ ತಡೆಬಿದ್ದಿತು. 2017ರಲ್ಲಿ ನಮ್ಮ ರಾಜ್ಯವು ಕಂಬಳಕ್ಕೆ ಅವಕಾಶವಾಗುವಂತೆ ಪ್ರಾಣಿಹಿಂಸಾ ನಿವಾರಣಾ ಕಾಯಿದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನ್ಯಾಯಾಲಯದ ಮಾತು ಅಲ್ಲಿಗೆ ಮುಗಿದಿರಬಹುದು, ಧರ್ಮದ ಮಾತು ಮುಗಿಯುವುದಿಲ್ಲ. ಕೋಣಕ್ಕೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಈಜಿಸಿ, ಮನೆಮಗನಂತೆ ಸಾಕುವವರ ಪ್ರೀತಿಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ಕರೆಯಲ್ಲಿ ಓಟದ ಕೊನೆಯ ಗಳಿಗೆಯಲ್ಲಿ ಬೆನ್ನಿನ ಮೇಲೆ ಬೀಳುವ ಬೆತ್ತದ ಏಟಿಗೆ ಆ ಪ್ರೀತಿಯು ಜವಾಬಾಗುವುದಿಲ್ಲ. ಬಿಳಾಮನ ಕಥೆಯನ್ನು ನೆನಪುಮಾಡಿಕೊಳ್ಳೋಣ: ತನ್ನ ದಾರಿಯಲ್ಲಿ ಕತ್ತಿಹಿಡಿದು ನಿಂತ ದೇವದೂತನನ್ನು ಕಾಣಲಾರದ ಆ ಪ್ರವಾದಿಯು, ಕಂಡು ಹಿಂಜರಿದ ಕತ್ತೆಯನ್ನು ಮೂರು ಸಲ ಹೊಡೆದನು. ಕಣ್ಣು ತೆರೆದಾಗ ದೂತನು ಕೇಳಿದ ಮೊದಲ ಪ್ರಶ್ನೆ, ಕತ್ತೆಯನ್ನು ಮೂರು ಸಲ ಏಕೆ ಹೊಡೆದೆ ಎಂಬುದೇ. ಹೊಡೆತದ ಲೆಕ್ಕವೂ ಪರಲೋಕದಲ್ಲಿ ಇಡಲ್ಪಟ್ಟಿತ್ತು. ಉಳುಮೆಯ ದುಡಿಮೆಗೆ ಅವಶ್ಯಕತೆಯ ಸಮರ್ಥನೆಯಾದರೂ ಇದ್ದೀತು, ಗೆಲುವಿಗೆ ಅದಿ‍ಲ್ಲ. ಆದುದರಿಂದ ಕಂಬಳ ನಡೆಯಲಿ, ಏಟು ನಿಲ್ಲಲಿ ಎಂಬುದೇ ನನ್ನ ಸ್ಪಷ್ಟವಾದ ಅಭಿಪ್ರಾಯ. ಮತ್ತು ಕ್ರೈಸ್ತನೊಬ್ಬನು ಕೋಣಗಳನ್ನು ಇಳಿಸುವುದಾದರೆ ಏಟಿಲ್ಲದೆ ಓಡಿಸುವ ಮೊದಲಿಗನು ಅವನೇ ಆಗಬೇಕು.

ಕಂಬಳಕ್ಕಿಂತಲೂ ಹೆಚ್ಚು ನಾಚಿಕೆಯ ಸಂಗತಿಗಳು ನಮ್ಮ ಸಮುದಾಯದ ಮದುವೆಮನೆಗಳ ಹಿತ್ತಿಲಲ್ಲಿ ನಡೆಯುತ್ತವೆ. ಕೋಳಿಗಳನ್ನು ಕಾಲುಕಟ್ಟಿ ತಲೆಕೆಳಗಾಗಿ ತೂಗುಹಾಕಿಕೊಂಡು ಬರುವುದು, ಹಂದಿಯ ನಾಲ್ಕು ಕಾಲುಗಳನ್ನು ಬಿಗಿದು ಉರಿಬಿಸಿಲಿನಲ್ಲಿ ವಾಹನದಲ್ಲಿ ಹೊರಳಾಡಲು ಬಿಡುವುದು, ಒಂದರ ಕಣ್ಣೆದುರಿಗೆ ಇನ್ನೊಂದನ್ನು ಕೊಲ್ಲುವುದು, ಇವುಗಳಲ್ಲಿ ಯಾವುದು ಊಟಕ್ಕೆ ಅವಶ್ಯ? 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅನಾವಶ್ಯಕ ನೋವಾಗುವಂತೆ ಪ್ರಾಣಿಗಳನ್ನು ಸಾಗಿಸುವುದು ಅಪರಾಧ. ಆದರೆ ಮೊದಲ ತಪ್ಪಿಗೆ ಆ ಕಾಯಿದೆ ವಿಧಿಸುವ ದಂಡವು 10 ರೂಪಾಯಿಯಿಂದ 50 ರೂಪಾಯಿ. ಆ ಹಣಕ್ಕೆ ಇಂದು ಅರ್ಧ ಕಿಲೋ ಕೋಳಿಯೂ ಬಾರದು. ಸಂವಿಧಾನವು ಜೀವಿಗಳ ಮೇಲಣ ಅನುಕಂಪವನ್ನು ಪ್ರತಿಯೊಬ್ಬ ಪ್ರಜೆಯ ಮೂಲಕರ್ತವ್ಯಗಳಲ್ಲಿ ಸೇರಿಸಿದೆಯಾದರೂ, ದಂಡದ ಭಯವೇ ಇಲ್ಲದ ಕಡೆ ಕರ್ತವ್ಯವನ್ನು ಕಾಯಬೇಕಾದದ್ದು ಅಂತಃಕರಣವೇ. ಅಂತಃಕರಣವನ್ನು ತಿದ್ದುವ ಹೊಣೆ ಧರ್ಮಕ್ಕೆ ಸೇರಿದುದು.

ಸಂತ ಪೌಲನು ರೋಮಾಪುರದವರಿಗೆ ಬರೆಯುತ್ತ, ಸೃಷ್ಟಿಯೆಲ್ಲವೂ ಪ್ರಸವವೇದನೆಯಲ್ಲಿ ನರಳುತ್ತ ದೇವರ ಮಕ್ಕಳು ಪ್ರತ್ಯಕ್ಷರಾಗುವುದನ್ನು ಎದುರುನೋಡುತ್ತಿದೆ ಎಂದನು. ಪ್ರವಾದಿ ಯೆಶಾಯನು ತೋಳವೂ ಕುರಿಯೂ ಜೊತೆಯಾಗಿ ಮೇಯುವ ರಾಜ್ಯವನ್ನು ಕಂಡನು. ಆ ರಾಜ್ಯವು ಎಂದು ಬರುವುದೆಂಬುದನ್ನು ಹೇಳುವವನು ನಾನಲ್ಲ; ಆದರೆ ಅದಕ್ಕಾಗಿ ಪ್ರತಿದಿನವೂ ಪ್ರಾರ್ಥಿಸುವವರು ಅದರ ನಡೆನುಡಿಯನ್ನು ಈಗಿನಿಂದಲೇ ಕಲಿತಿರಬೇಕಾದುದು ಸಹಜ. ಸೆಪ್ಟೆಂಬರ್ 8ರ ತೆನೆಹಬ್ಬದಂದು ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಹೊಸ ಅಕ್ಕಿಯೂ ತರಕಾರಿಯೂ ಮಾತ್ರ ಎಲೆಗೆ ಬೀಳುವ ಪದ್ಧತಿ ಇಂದಿಗೂ ಉಳಿದಿದೆ. ಆದಿಕಾಂಡವು ಮನುಷ್ಯನಿಗೂ ಮೃಗಕ್ಕೂ ಒಟ್ಟಿಗೆ ಬಡಿಸಿದ ಊಟಕ್ಕೆ ನಮ್ಮ ವರ್ಷದಲ್ಲಿ ಇದಕ್ಕಿಂತ ಹತ್ತಿರದ ದಿನ ಇನ್ನೊಂದಿಲ್ಲ.

ಮಾನ್ಯರೇ, ತಮ್ಮಲ್ಲಿ ನನ್ನ ವಿಜ್ಞಾಪನೆ ಇದು. ಭಾನುವಾರದ ಶಾಲೆಯಲ್ಲಿಯೂ ಧರ್ಮೋಪದೇಶದ ತರಗತಿಯಲ್ಲಿಯೂ ಮಕ್ಕಳಿಗೆ ಸಬ್ಬತ್ತಿನ ಆಜ್ಞೆಯನ್ನು ಕಲಿಸುವಾಗ ಅದರಲ್ಲಿರುವ ಪಶುವಿನ ಹೆಸರನ್ನು ಬಿಡದೆ ಕಲಿಸಿರಿ. ಜನವರಿ 17ರಂದು, ಪಶುಗಳ ಪಾಲಕನೆನಿಸಿದ ಸಂತ ಅಂತೋಣಿಯ ಸ್ಮರಣೆಯ ದಿನ, ಗುರುಗಳು ಪ್ರಾಣಿಗಳನ್ನು ಆಶೀರ್ವದಿಸುವುದರ ಜೊತೆಗೆ ಅವುಗಳ ಧಣಿಗಳಿಗೆ ಧರ್ಮೋಪದೇಶಕಾಂಡದ ಕಟ್ಟಳೆಗಳನ್ನು ಓದಿ ಹೇಳಲಿ. ಮದುವೆಯ ಊಟವನ್ನು ಗೊತ್ತುಮಾಡುವ ಹಿರಿಯರು ಅಡಿಗೆಯವರೊಡನೆ ದರವನ್ನು ಮಾತಾಡುವಾಗಲೇ, ಕಾಲುಕಟ್ಟಿ ತೂಗಾಡಿಸಿಕೊಂಡು ತಂದ ಯಾವ ಪ್ರಾಣಿಯೂ ತಮ್ಮ ಚಪ್ಪರದೊಳಗೆ ಬರಕೂಡದೆಂಬ ಕರಾರನ್ನೂ ಮಾಡಿಕೊಳ್ಳಲಿ. ಬರುವ ಮದುವೆಯ ಕಾಲದಿಂದಲೇ ಇದನ್ನು ಆರಂಭಿಸಬೇಕೆಂದು ತಮ್ಮೆಲ್ಲರಲ್ಲಿ ಪ್ರಾರ್ಥಿಸುತ್ತೇನೆ.